ನಲವತ್ತು ನಾಣ್ಯ, ಎಂಟು ‘ಹೌದು’

ಇಪ್ಪತ್ತೆಂಟು ಪ್ರಶ್ನೆಗಳ ಆ ಫಾರಮ್ಮನ್ನು ನಾವು ನಲವತ್ತು ಮಂದಿ ಡ್ರೈವರುಗಳು ಹನ್ನೊಂದು ನಿಮಿಷದಲ್ಲಿ ತುಂಬಿ ಕೊಟ್ಟೆವು. ಓದಿ ತುಂಬಿದ್ದರೆ ಅರ್ಧ ಗಂಟೆಯಾದರೂ ಹಿಡಿಯುತ್ತಿತ್ತು. ನಾವು ಓದಲಿಲ್ಲ. ಪ್ರಶ್ನೆಗಳ ಮುಂದೆ ‘ಎಂದೂ ಇಲ್ಲ’, ‘ಅಪರೂಪಕ್ಕೆ’, ‘ಆಗಾಗ’, ‘ಯಾವಾಗಲೂ’ ಅಂತ ನಾಲ್ಕು ಸಾಲು ಚೌಕಗಳಿದ್ದವು. ಮೊದಲನೇ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಇಪ್ಪತ್ತೆಂಟು ಗುರುತು ಎಳೆದು ಎದ್ದೆವು.

ಇದು ನಮಗೆ ಅಭ್ಯಾಸ. ಹಾಲಿನ ಟ್ಯಾಂಕರ್ ಹೊರಡುವ ಮುಂಚೆ ದಿನಾ ಒಂದು ಚೀಟಿ ತುಂಬಬೇಕು. ಬ್ರೇಕ್, ಲೈಟು, ಟೈರು, ವೈಪರ್, ಬೆಂಕಿ ಆರಿಸುವ ಸಿಲಿಂಡರ್, ಎಲ್ಲದರ ಮುಂದೆಯೂ ‘ಸರಿಯಿದೆ’. ಯಾವುದಾದರೂ ಒಂದು ಸರಿಯಿಲ್ಲ ಅಂತ ಬರೆದರೆ ಗಾಡಿ ಶೆಡ್ಡಿಗೆ ಹೋಗುತ್ತದೆ, ಬರೆದವನು ಬೆಂಚಿನ ಮೇಲೆ ಕೂರುತ್ತಾನೆ. ಹೀಗಾಗಿ ನಮ್ಮ ಕೈಗೆ ಕಣ್ಣಿನ ಸಹಾಯ ಬೇಕಾಗಿಲ್ಲ, ಗುರುತು ತಾನಾಗಿ ಬೀಳುತ್ತದೆ.

ಎರಡು ದಿನ ಬಿಟ್ಟು, ಫಾರಂ ತಂದಿದ್ದ ಹೆಂಗಸು ಡಿಪೋಗೆ ವಾಪಸ್ ಬಂದರು. ರಸ್ತೆ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವವರು. ನಾವು ಅವರಿಗೆ ಪ್ರಶ್ನೆ ಮೇಡಂ ಅಂತ ಹೆಸರಿಟ್ಟಿದ್ದೆವು. ಅವರ ಕೈಯಲ್ಲಿ ನಮ್ಮ ಫಾರಮ್ಮುಗಳ ಕಟ್ಟು ಇತ್ತು. ಈ ಡಿಪೋದಲ್ಲಿ ಯಾರೂ ವೇಗದ ಮಿತಿ ದಾಟಿಲ್ಲ, ಯಾರೂ ಫೋನ್ ಮುಟ್ಟಿಲ್ಲ, ಯಾರಿಗೂ ತೂಕಡಿಕೆ ಬಂದಿಲ್ಲ, ಬಹಳ ಸಂತೋಷ ಅಂದರು. ಹಾಗೇ ಯಾರೂ ಸೀಟ್ ಬೆಲ್ಟ್ ಹಾಕಿಲ್ಲ, ಯಾರೂ ಕೆಂಪು ದೀಪಕ್ಕೆ ನಿಲ್ಲಿಸಿಲ್ಲ, ಶಾಲೆಯ ಮುಂದೆ ಯಾರೂ ನಿಧಾನ ಮಾಡಿಲ್ಲ ಅಂದರು. ನಡುನಡುವೆ ಇಂಥ ತಿರುಗುಮುರುಗು ಪ್ರಶ್ನೆಗಳನ್ನು ಅವರು ಬೇಕೆಂದೇ ಇಟ್ಟಿದ್ದರಂತೆ. ಬಾಯಿ ತೆರೆದರೆ ಮುಚ್ಚದ ಕಾರಣಕ್ಕೆ ನಾವು ಮೀಟರ್ ಅಂತ ಕರೆಯುವ ಡ್ರೈವರ್ ಒಬ್ಬನಿದ್ದಾನೆ. ಅವನು, ಬೆಲ್ಟ್ ಹಾಕಿದರೆ ಹೊಟ್ಟೆ ಒಪ್ಪಲ್ಲ ಮೇಡಂ, ಅದೊಂದು ನಿಜವೇ ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ನಗದೇ ಇರುವುದಕ್ಕೆ ಕಾರಣ ಹದಿನಾಲ್ಕನೇ ಪ್ರಶ್ನೆ. ಗುರುತು ಎಳೆಯುವಾಗ ಅದೊಂದು ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು: ಕಳೆದ ಮೂರು ತಿಂಗಳಲ್ಲಿ ಗಾಡಿ ಓಡಿಸುವಾಗ ಕಣ್ಣು ಮುಚ್ಚಿಹೋಗಿದೆಯಾ? ನನ್ನ ಭಾವನಿಗೆ ಮೂರು ಸಲ ಮುಚ್ಚಿಹೋಗಿತ್ತು. ಮೂರೂ ಸಲ ನಾನು ಪಕ್ಕದ ಸೀಟಿನಲ್ಲಿದ್ದೆ.

ನಮ್ಮ ಡಿಪೋದಲ್ಲಿ ಇಪ್ಪತ್ತು ಟ್ಯಾಂಕರ್, ಒಂದೊಂದಕ್ಕೂ ಇಬ್ಬರು ಡ್ರೈವರು. ಇದಕ್ಕೆ ಜೋಡಿ ಅನ್ನುತ್ತೇವೆ. ದೂರದ ಶೀತಲೀಕರಣ ಕೇಂದ್ರಕ್ಕೆ ಹೋಗಿ ಹಾಲು ತುಂಬಿಸಿಕೊಂಡು ಬಂದು ಖಾಲಿ ಮಾಡುವುದಕ್ಕೆ ಹದಿನಾಲ್ಕು ಗಂಟೆ ಬೇಕು. ಒಬ್ಬರು ಓಡಿಸುವಾಗ ಇನ್ನೊಬ್ಬರು ಕೂತಿರುತ್ತಾರೆ. ನನ್ನ ಜೋಡಿ ಅಕ್ಕನ ಗಂಡ. ಎಂಟನೇ ಕ್ಲಾಸಿಗೆ ಪುಸ್ತಕ ಬಿಸಾಕಿ ಬೀದಿ ಸುತ್ತುತ್ತಿದ್ದ ನನ್ನನ್ನು ಕರೆದುಕೊಂಡು ಹೋಗಿ ಸ್ಟೀರಿಂಗ್ ಹಿಡಿಸಿದವರು ಅವರೇ. ಗೇರ್ ತಪ್ಪಿದರೆ ಮೊಣಕೈಗೆ ಸ್ಪ್ಯಾನರಿನಿಂದ ತಟ್ಟುತ್ತಿದ್ದರು. ಇಪ್ಪತ್ತೆರಡು ವರ್ಷ ಓಡಿಸಿದವರು, ಒಂದು ನಾಯಿಗೂ ತಾಗಿಸಿದವರಲ್ಲ.

ಮೊದಲನೇ ಸಲ ಆದದ್ದು ಮಧ್ಯಾಹ್ನ ಎರಡೂವರೆಗೆ, ನೇರ ರಸ್ತೆಯಲ್ಲಿ. ಆವತ್ತು ಕೇಂದ್ರದಲ್ಲಿ ಹಾಲು ಕಡಿಮೆ ಬಂದಿತ್ತು, ಟ್ಯಾಂಕ್ ಅರ್ಧ ಮಾತ್ರ ತುಂಬಿತ್ತು. ತುಂಬಿದ ಟ್ಯಾಂಕ್ ಸುಮ್ಮನಿರುತ್ತದೆ. ಅರ್ಧ ಟ್ಯಾಂಕ್ ಹಾಗಲ್ಲ. ಬ್ರೇಕ್ ಒತ್ತಿದರೆ ಒಳಗಿನ ಹಾಲು ಹಿಂದಿನಿಂದ ಓಡಿಬಂದು ಗಾಡಿಯನ್ನು ಗುದ್ದುತ್ತದೆ. ಎಡಗಡೆ ಚಕ್ರ ಜಲ್ಲಿಗೆ ಇಳಿದ ಸದ್ದಿಗೆ ನಾನು ತಿರುಗಿ ನೋಡಿದೆ. ಭಾವನ ಕೈ ಸ್ಟೀರಿಂಗಿನ ಮೇಲೇ ಇತ್ತು, ತಲೆ ನೆಟ್ಟಗೇ ಇತ್ತು, ಕಣ್ಣು ಮಾತ್ರ ಮುಚ್ಚಿತ್ತು. ನಾನು ಕೈ ಹಾಕಿ ಸ್ಟೀರಿಂಗ್ ಎಳೆದೆ. ಹಾಲು ಆ ಕಡೆ ಈ ಕಡೆ ನಾಲ್ಕು ಸಲ ಗುದ್ದಿ ಸುಮ್ಮನಾಯಿತು. ನಾನು ಎಚ್ಚರವಾಗೇ ಇದ್ದೆ ಅಂದರು ಭಾವ. ಮುಂದಿನ ಎರಡು ಸಲವೂ ಅದನ್ನೇ ಅಂದರು.

ನಾನೇನು ಸಾಚಾ ಅಲ್ಲ. ಚಳಿ ಜ್ವರದ ಮಾತ್ರೆ ನುಂಗಿ ಗಾಡಿ ಹತ್ತಿದ ಒಂದು ದಿನ ನನಗೂ ಕಣ್ಣು ಮುಚ್ಚಿತ್ತು. ಆವತ್ತು ಸ್ಟೀರಿಂಗ್ ಹಿಡಿದವರು ಭಾವ. ಜೋಡಿ ಇರುವುದೇ ಇದಕ್ಕೆ. ಒಬ್ಬರ ಕಣ್ಣು ಹೋದಾಗ ಇನ್ನೊಬ್ಬರ ಕೈ ಬರಲಿ ಅಂತ.

ಆ ಜೋಡಿಯನ್ನೇ ಮುರಿಯುವುದಕ್ಕೆ ಹೊರಟಿದ್ದರು. ಬರುವ ಒಂದನೇ ತಾರೀಖಿನಿಂದ ಟ್ಯಾಂಕರಿಗೆ ಒಬ್ಬನೇ ಡ್ರೈವರು, ನಡುವೆ ಅರ್ಧ ಗಂಟೆ ವಿಶ್ರಾಂತಿ, ಅಂತ ಮಾತು ನಡೆದಿತ್ತು. ಸರ್ವೆಯಲ್ಲಿ ಡ್ರೈವರುಗಳು ಏನು ಹೇಳುತ್ತಾರೋ ಅದನ್ನು ನೋಡಿ ತೀರ್ಮಾನ ಮಾಡುತ್ತೇವೆ ಅಂತ ಮೇಲಿನವರು ನೋಟಿಸ್ ಹಾಕಿದ್ದರು. ಯಾರಿಗೂ ನಿದ್ದೆ ಬರದಿದ್ದರೆ ಜೋಡಿ ಬೇಕಾಗಿಲ್ಲವಲ್ಲ. ನಮ್ಮ ನೇಣಿನ ಹಗ್ಗವನ್ನು ನಮ್ಮ ಕೈಯಲ್ಲೇ ಹೊಸೆಯಿಸುವ ಬುದ್ಧಿ ಅದು. ಡಿಪೋ ಮೇಲ್ವಿಚಾರಕ, ಅಂದರೆ ನಿಮಿಷ ತಡವಾದರೂ ಮಣಿಕಟ್ಟು ತೋರಿಸುವ ನಮ್ಮ ಗಡಿಯಾರ, ಮೊದಲನೇ ಸುತ್ತಿನ ಫಾರಮ್ಮುಗಳನ್ನು ತಾನೇ ಸಂಗ್ರಹಿಸಿದ್ದ. ಹೆಸರು ಬರೆಯಬೇಕಾಗಿಲ್ಲ ಅಂತ ಮೇಡಂ ಹೇಳಿದ್ದರೂ ಅವನು ಫಾರಮ್ಮುಗಳನ್ನು ಗಾಡಿ ನಂಬರಿನ ಕ್ರಮದಲ್ಲಿ ಜೋಡಿಸಿಕೊಂಡ. ನಿದ್ದೆ ಬರುತ್ತದೆ ಅಂದವನನ್ನು ಮೊದಲು ಗಾಡಿಯಿಂದ ಇಳಿಸಿ ಡಾಕ್ಟರ ಹತ್ತಿರ ಕಳಿಸುತ್ತಾರೆ, ಡಾಕ್ಟರು ತಲೆಯಾಡಿಸಿದರೆ ಲೈಸೆನ್ಸೂ ಹೋಗುತ್ತದೆ ಅನ್ನುವುದು ಗೊತ್ತಿದ್ದ ಮೇಲೆ ಯಾರು ಬರೆಯುತ್ತಾರೆ? ಬೆಕ್ಕಿಗೆ ಗಂಟೆ ಕಟ್ಟುವುದು ಆಮೇಲಿನ ಮಾತು, ಇಲ್ಲಿ ಇಲಿ ತಾನೇ ಹೋಗಿ ಬೆಕ್ಕಿನ ಬಾಯಲ್ಲಿ ಕೂರಬೇಕಿತ್ತು.

ಮೇಡಂ ಬೈದು ಹೋದ ದಿನ, ಟ್ಯಾಂಕ್ ತೊಳೆಯುವ ಕಟ್ಟೆಯ ಹತ್ತಿರ ನಾನು ಭಾವನನ್ನು ಹಿಡಿದೆ. ಪೈಪಿನಲ್ಲಿ ಕಾಸ್ಟಿಕ್ ಸೋಡಾದ ನೀರು ಓಡುತ್ತಿತ್ತು, ಮಾತು ಬೇರೆಯವರಿಗೆ ಕೇಳಿಸುತ್ತಿರಲಿಲ್ಲ. ಒಂದನೇ ತಾರೀಖಾದ ಮೇಲೆ ನಿಮ್ಮ ಪಕ್ಕ ಯಾರೂ ಇರುವುದಿಲ್ಲ, ಮುಂದಿನ ಸಲ ಜಲ್ಲಿಗೆ ಇಳಿದರೆ ಎಳೆಯುವವರು ಯಾರು ಅಂತ ಕೇಳಿದೆ. ಅವರು ಬ್ರಷ್ಷು ತಿಕ್ಕುತ್ತಲೇ ಹೇಳಿದರು.

“ನಲವತ್ತೊಂಬತ್ತು ವರ್ಷ ನಂಗೆ. ಗಾಡಿ ಬಿಟ್ರೆ ಬೇರೆ ಏನ್ ಗೊತ್ತು ಹೇಳು? ಇಳ್ಸಿದ್ರೆ ಮತ್ತೆ ಹತ್ಸಲ್ಲ ಇವ್ರು.”

“ಸತ್ರೆ ಹತ್ತಿಸ್ತಾರಾ ಭಾವ?”

“ನಿಮ್ಮಕ್ಕನ ಮುಂದೆ ಈ ಮಾತಾಡ್ಬೇಡ” ಅಂದರು. ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಹೊರಟುಹೋದರು.

ಅಕ್ಕನಿಗೆ ಹೇಳಿಬಿಡಬೇಕು ಅಂತ ಆವತ್ತು ಮೂರು ಸಲ ಅನ್ನಿಸಿತು. ಊಟಕ್ಕೆ ಕೂತಾಗ ಅವಳು ನಮ್ಮಿಬ್ಬರ ಮುಖ ನೋಡಿ, ಏನಾದರೂ ಗುದ್ದಿಕೊಂಡು ಬಂದಿರಾ ಅಂತ ಕೇಳಿದಳು. ಇಲ್ಲ ಅಂದೆವು, ಇಬ್ಬರೂ ಒಟ್ಟಿಗೇ. ಇಲ್ಲ ಅನ್ನುವುದರಲ್ಲಿ ನಮ್ಮನ್ನು ಮೀರಿಸುವವರಿರಲಿಲ್ಲ.

ಆ ವಾರದ ಕೊನೆಗೆ ಪ್ರಶ್ನೆ ಮೇಡಂ ಮೂರನೇ ಸಲ ಬಂದರು. ಈ ಸಲ ಫಾರಂ ಇರಲಿಲ್ಲ. ಬೆರಳಗಲದ ನಲವತ್ತು ಚೀಟಿ, ಒಂದು ಬೀಗ ಹಾಕಿದ ತಗಡಿನ ಪೆಟ್ಟಿಗೆ, ಒಂದು ಚೀಲದ ತುಂಬ ನಾಣ್ಯ. ನಲವತ್ತೂ ಜನ ಡಿಪೋದ ಊಟದ ಕೋಣೆಯಲ್ಲಿ ಸೇರಿದ್ದೆವು. ಗಡಿಯಾರ ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದ. ಮೇಡಂ ಅವನನ್ನು ಹೊರಗೆ ಹೋಗಿ ಅಂದರು. ಹೋದ, ಹೋಗಿ ಬಾಗಿಲಿನ ಗಾಜಿನ ಆ ಕಡೆ ನಿಂತ.

ಒಂದೇ ಪ್ರಶ್ನೆ, ಮೇಡಂ ಅಂದರು. ಮೂರು ತಿಂಗಳಲ್ಲಿ ಒಂದು ಸಲವಾದರೂ ಗಾಡಿ ಓಡಿಸುವಾಗ ನಿದ್ದೆ ಬಂದಿದೆಯಾ? ಉತ್ತರ ಬರೆಯುವ ಮುಂಚೆ ನಾಣ್ಯವನ್ನು ಅಂಗೈಯಲ್ಲೇ ಮುಚ್ಚಿ ಕುಲುಕಿ ನೋಡಬೇಕು. ಅಂಕಿ ಮೇಲೆ ಬಂದರೆ, ನಿದ್ದೆ ಬಂದಿರಲಿ ಬಿಡಲಿ, ‘ಹೌದು’ ಅಂತ ಬರೆಯಬೇಕು. ಚಿತ್ರ ಮೇಲೆ ಬಂದರೆ ನಿಜ ಬರೆಯಬೇಕು. ನಾಣ್ಯ ಏನು ಬಿತ್ತು ಅಂತ ಯಾರಿಗೂ ತೋರಿಸಬೇಕಾಗಿಲ್ಲ. ನಿಮ್ಮ ಚೀಟಿಯಲ್ಲಿ ‘ಹೌದು’ ಇದ್ದರೂ ಅದು ನೀವು ಹೇಳಿದ್ದೋ ನಾಣ್ಯ ಹೇಳಿಸಿದ್ದೋ ದೇವರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ ಮೀಟರ್ ಕೇಳಿದ. ಒಬ್ಬೊಬ್ಬರದು ಗೊತ್ತಾಗುವುದಿಲ್ಲ, ಒಟ್ಟು ಗೊತ್ತಾಗುತ್ತದೆ ಅಂದರು. ನಲವತ್ತು ನಾಣ್ಯ ಕುಲುಕಿದರೆ ಹೆಚ್ಚುಕಡಿಮೆ ಇಪ್ಪತ್ತು ಅಂಕಿ ಬೀಳುತ್ತವೆ. ಆ ಇಪ್ಪತ್ತನ್ನು ಕಳೆದರೆ ಉಳಿದ ‘ಹೌದು’ ನಿಜದ ‘ಹೌದು’, ಅದು ಅರ್ಧ ಜನರದ್ದು, ದುಪ್ಪಟ್ಟು ಮಾಡಿದರೆ ಎಲ್ಲರದೂ. ಹೆಂಡತಿ ಕೇಳುವ ಪ್ರಶ್ನೆಗೂ ಈ ನಾಣ್ಯ ನಡೆಯುತ್ತಾ ಅಂದ ಮೀಟರ್. ನಕ್ಕು ಮುಗಿದ ಮೇಲೆ ಎಲ್ಲರೂ ಕುಲುಕಿದರು.

ಲೆಕ್ಕ ನನಗೆ ಅರ್ಥವಾಗಿತ್ತು. ಸ್ಕೂಲಿನಲ್ಲಿ ಯಾರಾದರೂ ಇಂಥ ಲೆಕ್ಕ ಹೇಳಿಕೊಟ್ಟಿದ್ದರೆ ಇನ್ನೆರಡು ವರ್ಷ ಕೂತಿರುತ್ತಿದ್ದೆನೇನೋ. ಹೇಳಿದವನಿಗೆ ಪೆಟ್ಟಾಗದ ಹಾಗೆ, ಕೇಳಿದವರಿಗೆ ತಿಳಿಯುವ ಹಾಗೆ, ಹಾವೂ ಸಾಯದೆ ಕೋಲೂ ಮುರಿಯದೆ ನಿಜ ಹೊರಗೆ ಬರುವ ದಾರಿ ಅದು. ನನಗೆ ಚಿತ್ರ ಬಿತ್ತು. ನಿಜ ಬರೆಯಬೇಕು; ‘ಹೌದು’ ಅಂತ ಬರೆದೆ.

ಭಾವ ನನ್ನ ಎಡಕ್ಕೆ ಕೂತಿದ್ದರು. ನಾನು ನೋಡಬಾರದಿತ್ತು, ನೋಡಿದೆ. ಅವರ ಅಂಗೈ ತೆರೆದಾಗ ಅಂಕಿ ಕಾಣಿಸಿತು. ಮನಸ್ಸು ಹಗುರವಾಯಿತು. ಇನ್ನು ಅವರು ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ, ನಾಣ್ಯವೇ ‘ಹೌದು’ ಅಂತ ಬರೆಸುತ್ತದೆ. ಅವರು ಬಾಗಿಲಿನ ಗಾಜಿನ ಕಡೆ ಒಂದು ಸಲ ನೋಡಿದರು. ಚೀಟಿಯ ಮೇಲೆ ‘ಇಲ್ಲ’ ಅಂತ ಬರೆದು ನಾಲ್ಕು ಮಡಿಕೆ ಮಡಚಿದರು.

ನನಗೆ ಹತ್ತಿದ ಸಿಟ್ಟು ಭಾವನ ಮೇಲಿನದಲ್ಲ. ನಾಣ್ಯ ಹೇಳು ಅಂದ ಮಾತನ್ನೂ ಹೇಳಲಾಗದ ಹಾಗೆ ಒಬ್ಬ ಮನುಷ್ಯನನ್ನು ಹೆದರಿಸಿ ಇಟ್ಟಿದ್ದಾರಲ್ಲ, ಅವರ ಮೇಲೆ. ಗಾಜಿನ ಆ ಕಡೆ ನಿಂತವನ ಮೇಲೆ.

ಪೆಟ್ಟಿಗೆಯನ್ನು ಎಲ್ಲರ ಮುಂದೆಯೇ ತೆರೆದರು. ಗಡಿಯಾರನೂ ಒಳಗೆ ಬಂದ. ಮೇಡಂ ಒಂದೊಂದೇ ಚೀಟಿ ಬಿಡಿಸಿ ಎರಡು ಗುಡ್ಡೆ ಮಾಡಿದರು. ‘ಇಲ್ಲ’ ಮೂವತ್ತೆರಡು, ‘ಹೌದು’ ಎಂಟು. ಎಂಟೇ ಎಂಟು, ಅದೂ ನಾಣ್ಯದ ಕೃಪೆ, ಅಂತ ಗಡಿಯಾರ ಫೋನ್ ತೆಗೆದು ಬರೆದುಕೊಳ್ಳತೊಡಗಿದ. ಸಾಯಂಕಾಲ ನಾಲ್ಕಕ್ಕೆ ಮೇಲಿನವರ ಮೀಟಿಂಗ್ ಇತ್ತು.

ಮೇಡಂ ಚೀಟಿಗಳನ್ನು ಮತ್ತೊಂದು ಸಲ ಎಣಿಸಿದರು. ಆಮೇಲೆ ಅವನಿಗೆ ಬರೆಯಬೇಡಿ ಅಂದರು. ಈ ಕೋಣೆಯಲ್ಲಿ ಹುಟ್ಟಿದಾಗಿನಿಂದ ಯಾರೂ ನಿದ್ದೆಯನ್ನೇ ಮಾಡಿಲ್ಲ ಅಂದುಕೊಂಡರೂ ಇಪ್ಪತ್ತರ ಆಸುಪಾಸು ‘ಹೌದು’ ಬರಬೇಕು. ಹದಿನೈದು ಬರಬಹುದು, ಇಪ್ಪತ್ತೈದು ಬರಬಹುದು. ಎಂಟು ಬರುವುದಿಲ್ಲ.

“ಇದು ಎಷ್ಟು ಜನ ಮಲಗಿದ್ರು ಅನ್ನೋ ಲೆಕ್ಕ ಅಲ್ಲ ಸರ್. ಎಷ್ಟು ಜನ ಹೆದರಿದಾರೆ ಅನ್ನೋ ಲೆಕ್ಕ.”

ಹೆದರಿಕೆಗೆ ನನ್ನ ಹತ್ತಿರ ಕಾಲಂ ಇಲ್ಲ ಮೇಡಂ, ಎಂಟು ಅಂತಲೇ ಕಳಿಸುತ್ತೇನೆ ಅಂದ ಗಡಿಯಾರ.

ನಾನು ಎದ್ದು ನಿಂತೆ. ಯೋಚನೆ ಮಾಡಿ ಎದ್ದದ್ದಲ್ಲ. ಕಾಲು ಎದ್ದಿತು, ಮಿಕ್ಕದ್ದು ಹಿಂದೆ ಬಂತು. ನನಗೆ ಬಿದ್ದದ್ದು ಚಿತ್ರ, ನಾನು ಬರೆದದ್ದು ‘ಹೌದು’ ಅಂದೆ. ಹೋದ ತಿಂಗಳ ಒಂಬತ್ತನೇ ತಾರೀಖು, ಹನ್ನೆರಡನೇ ನಂಬರ್ ಗಾಡಿ, ಸೇತುವೆ ದಾಟಿದ ಮೇಲಿನ ಇಳಿಜಾರು, ಮಧ್ಯಾಹ್ನ ಮೂರು. ನಿದ್ದೆ ಮಾಡಿದವನು ನಾನು, ಸ್ಟೀರಿಂಗ್ ಹಿಡಿದವರು ನನ್ನ ಜೋಡಿ. ಅವರು ಇರದಿದ್ದರೆ ಹಾಲೂ ನಾನೂ ಒಟ್ಟಿಗೇ ನದಿಯಲ್ಲಿರುತ್ತಿದ್ದೆವು. ಬೇಕಾದರೆ ಇದನ್ನೂ ಬರೆದುಕೊಳ್ಳಿ.

ಯಾರೂ ನನ್ನ ಕಡೆ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡುತ್ತಾರಲ್ಲ, ಹಾಗೆ ಮೂವತ್ತೊಂಬತ್ತು ಜನ ತಮ್ಮ ತಮ್ಮ ಕೈ ನೋಡಿಕೊಂಡರು. ಭಾವನೂ ನೋಡಿಕೊಂಡರು. ಗಡಿಯಾರ ಬರೆದುಕೊಂಡ. ಈ ಕ್ಷಣದಿಂದ ನೀನು ಗಾಡಿ ಮುಟ್ಟುವ ಹಾಗಿಲ್ಲ, ಡಾಕ್ಟರ ಚೀಟಿ ತರುವವರೆಗೆ ತೊಳೆಯುವ ಕಟ್ಟೆಗೆ ಹೋಗು ಅಂದ. ಹೆಸರು ಹೇಳಿ ಕೊಟ್ಟದ್ದು ನನ್ನ ಸರ್ವೆಗೆ ಸೇರುವುದಿಲ್ಲ, ನಿಮಗೆ ತೊಂದರೆಯಾಯಿತು ಅಂತ ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. ಲೆಕ್ಕ ಚೆನ್ನಾಗಿತ್ತು ಅಂದೆ.

ಮಾಡಿದ ಎಡವಟ್ಟು ನನಗೆ ಹೊಳೆದದ್ದು ಬೂಟು ಬಿಚ್ಚಿ ಗಂಬೂಟು ಹಾಕಿಕೊಳ್ಳುವಾಗ. ನನ್ನನ್ನು ಇಳಿಸಿದರು, ಸರಿ. ಮಾರನೇ ದಿನ ಹನ್ನೆರಡನೇ ನಂಬರ್ ಗಾಡಿ ಹತ್ತುವವರು ಯಾರು? ಭಾವ ಒಬ್ಬರೇ. ಒಂದನೇ ತಾರೀಖಿಗೆ ಬರಬೇಕಾಗಿದ್ದ ಗಂಡಾಂತರವನ್ನು ಹತ್ತು ದಿನ ಮುಂಚೆಯೇ ಎಳೆದು ತಂದಿದ್ದೆ. ಬುದ್ಧಿ ಕಾಲಿನಲ್ಲಿದ್ದರೆ ಹೀಗೇ ಆಗುವುದು.

ಮನೆಯಲ್ಲಿ ನಾನು ಮಾತಾಡಿಸಿದರೆ ಭಾವ ಗೋಡೆಯ ಕಡೆ ತಿರುಗಿದರು.

ಮಾರನೇ ದಿನ ಬೆಳಗ್ಗೆ ಆರಕ್ಕೆ ಪಾಳಿ. ಕಟ್ಟೆಯ ಮೇಲಿಂದ ಕೀಲಿ ಕೊಡುವ ಕಿಟಕಿ ನೆಟ್ಟಗೆ ಕಾಣುತ್ತದೆ. ಭಾವ ಸಾಲಿನಲ್ಲಿ ನಿಂತಿದ್ದರು, ಹಿಂದೆ ಮೀಟರ್ ಮತ್ತು ಇನ್ನೂ ಆರೇಳು ಜನ. ಗಡಿಯಾರ ಹನ್ನೆರಡನೇ ನಂಬರಿನ ಕೀಲಿಯನ್ನು ಕಿಟಕಿಯ ಹಲಗೆಯ ಮೇಲಿಟ್ಟ. ಭಾವ ಅದನ್ನು ಎತ್ತಿಕೊಳ್ಳಲಿಲ್ಲ. ಒಬ್ಬರನ್ನು ಜೊತೆಗೆ ಕೊಡಿ ಅಂತ ಕೇಳಿದರಂತೆ. ಇವತ್ತು ಯಾರೂ ಇಲ್ಲ, ಇಪ್ಪತ್ತೆರಡು ವರ್ಷ ಓಡಿಸಿದವನು ಜೊತೆಗೆ ಜನ ಕೇಳುತ್ತೀಯಲ್ಲ, ಹೋಗು ಅಂದನಂತೆ ಗಡಿಯಾರ. ನಾನು ಪೈಪು ಬಿಟ್ಟು ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಸಾಲಿನವರೆಲ್ಲ ಕಿಟಕಿಯ ಕಡೆ ಒತ್ತಿಕೊಂಡಿದ್ದರು. ಭಾವನ ದನಿ ಸಾಧಾರಣವಾಗಿಯೇ ಇತ್ತು, ಪಂಕ್ಚರ್ ಆಗಿದೆ ಅನ್ನುವಾಗ ಇರುವ ಹಾಗೆ.

“ಒಬ್ನೇ ಹೋಗಲ್ಲ ಸರ್. ನಂಗೆ ನಿದ್ದೆ ಬರುತ್ತೆ.”

“ನಿನ್ನೆ ಕೇಳ್ದಾಗ ಹೇಳ್ಬೇಕಾಗಿತ್ತು.”

“ನಿನ್ನೆ ಇವನು ಪಕ್ಕದಲ್ಲಿದ್ದ. ಇವತ್ತಿಲ್ಲ” ಅಂದರು ಭಾವ. “ಮೂರು ಸಲ ಬಂದಿದೆ. ಮೂರು ಸಲಾನೂ ಇವನೇ ಎಳ್ದಿದ್ದು.”

ಗಡಿಯಾರ ಕೀಲಿಯ ಮೇಲೆ ಕೈಯಿಟ್ಟ, ತೆಗೆದ, ಮತ್ತೆ ಇಟ್ಟ. ಇಷ್ಟು ಜನರ ಕಿವಿಗೆ ಬಿದ್ದ ಮೇಲೆ ಇವರನ್ನು ಒಬ್ಬರನ್ನೇ ಕಳಿಸಿ ಏನಾದರೂ ಆದರೆ ಅದು ಯಾರ ತಲೆಗೆ ಬರುತ್ತದೆ ಅನ್ನುವ ಲೆಕ್ಕ ಅವನಿಗೂ ಬರುತ್ತಿತ್ತು. ರಜೆಯಲ್ಲಿದ್ದ ಒಂದು ಜೋಡಿಗೆ ಫೋನ್ ಮಾಡಿದ. ಗಾಡಿ ಎರಡು ಗಂಟೆ ತಡವಾಗಿ ಹೊರಟಿತು, ಇಬ್ಬರು ಡ್ರೈವರುಗಳ ಜೊತೆ. ಭಾವ ಬಂದು ನನ್ನ ಪಕ್ಕದ ಪೈಪು ಎತ್ತಿಕೊಂಡರು. ಕಾಸ್ಟಿಕ್ ಹೆಚ್ಚು ಹಾಕಿದ್ದೀಯ, ಕೈ ಸುಟ್ಟುಕೊಳ್ಳುತ್ತೀಯ ಅಂತ ಬೈದರು. ಬೈದದ್ದು ಕೇಳಿ ಸಮಾಧಾನವಾಯಿತು.

ಜೋಡಿಯ ಬಗ್ಗೆ ಮೇಲಿನವರ ನೋಟಿಸ್ ಇನ್ನೂ ಬಂದಿರಲಿಲ್ಲ. ಮೂರನೇ ದಿನ ಡಾಕ್ಟರ ಹತ್ತಿರ ಹೋದೆವು. ಈಗ ಅಕ್ಕನಿಗೆ ಹೇಳದೆ ವಿಧಿಯಿರಲಿಲ್ಲ. ಅವಳು ಬೈಯಲಿಲ್ಲ, ಸೀರೆ ಬದಲಾಯಿಸಿ ನಾನೂ ಬರುತ್ತೇನೆ ಅಂದಳು. ನನ್ನ ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯಿತು. ಮಾತ್ರೆ ನುಂಗಿ ಗಾಡಿ ಹತ್ತಬೇಡ ಅಂತ ಹೇಳಿ ಚೀಟಿ ಕೊಟ್ಟರು. ಭಾವನನ್ನು ಬಹಳ ಹೊತ್ತು ಕೂರಿಸಿಕೊಂಡರು. ಕತ್ತಿನ ಸುತ್ತಳತೆ ತೆಗೆದರು, ಬಾಯಿ ತೆಗೆಸಿ ಬ್ಯಾಟರಿ ಹಾಕಿ ನೋಡಿದರು. ರಾತ್ರಿ ಚೆನ್ನಾಗಿ ನಿದ್ದೆ ಆಗುತ್ತದಾ? ಆಗುತ್ತದೆ ಅಂದರು ಭಾವ. ಗೊರಕೆ ಇದೆಯಾ? ಇಲ್ಲ. ನಡುವೆ ಉಸಿರು ಕಟ್ಟಿ ಎಚ್ಚರವಾಗುತ್ತದಾ? ಇಲ್ಲ ಸರ್, ಎಂದೂ ಇಲ್ಲ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅಕ್ಕನ ಕಡೆ ತಿರುಗಿದರು. ನೀವು ಹೇಳಿಯಮ್ಮ ಅಂದರು.

ಅಕ್ಕ ಮಡಿಲಿನ ಮೇಲಿದ್ದ ಚೀಲವನ್ನು ಸರಿಮಾಡಿಕೊಂಡಳು. ಇವರಿಗೆ ಏನು ಗೊತ್ತಿರುತ್ತದೆ, ಮಲಗಿರುತ್ತಾರೆ ಅಂದಳು. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಇದ್ದಕ್ಕಿದ್ದ ಹಾಗೆ ಉಸಿರು ನಿಂತುಬಿಡುತ್ತದಂತೆ, ಎದೆ ಏಳುವುದಿಲ್ಲವಂತೆ. ನಾಲ್ಕು ವರ್ಷದಿಂದ ಹೀಗೆ.

“ನಿಂತಾಗೆಲ್ಲ ಎದ್ದು ಕೂತು ಎಣಿಸ್ತೀನಿ ಡಾಕ್ಟ್ರೇ. ಹತ್ತು, ಹನ್ನೆರಡು ಆಗೋಷ್ಟರಲ್ಲಿ ಮತ್ತೆ ಶುರುವಾಗುತ್ತೆ. ಒಂದ್ಸಲ ಇಪ್ಪತ್ತಾರಕ್ಕೆ ಹೋಗಿತ್ತು.”

ಭಾವ ಅವಳ ಮುಖವನ್ನೇ ನೋಡುತ್ತಿದ್ದರು. ಇಷ್ಟು ದಿನ ಹೇಳಲಿಲ್ಲವಲ್ಲ ಅಂದರು.

“ಯಾರು ಕೇಳಿದ್ರು ನನ್ನ?” ಅಂದಳು ಅಕ್ಕ.

ರಾತ್ರಿ ಕೆಟ್ಟ ನಿದ್ದೆಯೇ ಹಗಲು ಸ್ಟೀರಿಂಗಿನ ಮೇಲೆ ಬರುತ್ತದೆ ಅಂತ ಹೇಳಿ ಡಾಕ್ಟರು ಬರೆದುಕೊಂಡರು. ಉಸಿರಾಟಕ್ಕೆ ರಾತ್ರಿ ಹಾಕಿಕೊಳ್ಳುವ ಮಾಸ್ಕಿನ ಯಂತ್ರವೊಂದು ಬರುತ್ತದೆ, ಮೂರು ತಿಂಗಳು ಹಾಕಿಕೊಂಡ ಮೇಲೆ ಮತ್ತೆ ನೋಡೋಣ, ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟಬಾರದು ಅಂದರು. ಮುಟ್ಟಬಾರದು ಅಂದರೆ ಸೈಕಲ್ಲಿನದೂ ಮುಟ್ಟಬಾರದಾ ಅಂತ ಭಾವ ಕೇಳಿದರು. ಅದನ್ನು ನಿಮ್ಮ ಹೆಂಡತಿಯನ್ನೇ ಕೇಳಿ ಅಂದರು ಡಾಕ್ಟರು.